ಮಹದಾಯಿ ನದಿ ಮತ್ತು ಕಯಾಕ್ ಯಾನ

ಬೆಳಗಾವಿ ನಗರದ ನೈಋತ್ಯಕ್ಕಿರುವ ಖಾನಾಪುರ ತಾಲ್ಲೂಕಿನ ಜಾಂಬೋಟಿ ಅರಣ್ಯದಲ್ಲಿ ಮಹದಾಯಿ ನದಿಯು ಸುಮಾರು 200 ಮೀಟರ್ ಕೆಳಕ್ಕೆ ಧುಮುಕಿ ವಜ್ರಪೋಹ ಜಲಪಾತವನ್ನು ಉಂಟುಮಾಡುತ್ತದೆ. ಇದೇ ನದಿಯು ಗೋವಾ ರಾಜ್ಯದಲ್ಲಿ ಮಳೆಗಾಲದ ರಾಫ್ಟಿಂಗ್‌ಗೆ ಹೆಸರಾಗಿರುವುದರಿಂದ ಇಲ್ಲಿಯೂ ಕಯಾಕ್ ನಡೆಸಬಹುದೆಂದು ಭಾವಿಸುವುದು ಸರಿಯಲ್ಲ. 2009ರಲ್ಲಿ ಅಮೆರಿಕದ ಪಲೂಸ್ ಜಲಪಾತದಲ್ಲಿ ಟೈಲರ್ ಬ್ರಾಟ್ ಅವರು ಕಯಾಕ್‌ನಲ್ಲಿ ಇಳಿದು ವಿಶ್ವದಾಖಲೆ ಸ್ಥಾಪಿಸಿದ ಎತ್ತರವೇ ಸುಮಾರು 57 ಮೀಟರ್. ಅದೂ ಆಳವಾದ ಮಡುವಿಗೆ. ಮಡುವಿಲ್ಲದೆ ಬಂಡೆಯ ಮೇಲೆ ಬೀಳುವ ನೀರಿನಲ್ಲಿ ದೋಣಿಯೂ ಉಳಿಯದು, ಸವಾರನೂ ಉಳಿಯನು. ಚಿಕ್ಕ ಧುಮುಕುಗಳೂ ನಿರಪಾಯಕರವಲ್ಲ: ಬುಡದಲ್ಲಿ ಹಿಂದಕ್ಕೆ ಸುತ್ತುವ ನೀರು ದೋಣಿಯನ್ನು ಹಿಡಿದಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮೇಲಿನ ಕಾಡಿನಲ್ಲಿ ಸುರಿದ ಮಳೆಗೆ ಹೊಳೆಯು ಏಕಾಏಕಿ ಏರುವುದುಂಟು. ಅರಣ್ಯ ಪ್ರವೇಶಕ್ಕೆ ಅರಣ್ಯ ಇಲಾಖೆಯ ಪೂರ್ವಾನುಮತಿ ಪಡೆಯತಕ್ಕದ್ದು.