ಸ್ಲೀಪಿಂಗ್ ಬ್ಯಾಗ್ (ಕೊಲ್ಲೂರು–ಕೊಡಚಾದ್ರಿಯ ಮಳೆಯಲ್ಲಿ)

ಚಾರಣಿಗರು ರಾತ್ರಿ ಒಳಸೇರಿ ಮಲಗುವ, ಹತ್ತಿಯಂಥ ಹೂರಣ ತುಂಬಿದ ಚೀಲ. ಕೊಲ್ಲೂರಿನ ಮಳೆಯಲ್ಲಿ ಅದನ್ನು ಆರಿಸಿಕೊಂಡು ಒಣದಾಗಿ ಇಡುವ ಬಗೆ ಇಲ್ಲಿದೆ. ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನ ಕೊಲ್ಲೂರು ಮೂಕಾಂಬಿಕಾ ವನ್ಯಜೀವಿಧಾಮದ ಅಂಚಿನಲ್ಲಿದೆ. ಇಲ್ಲಿಂದ ಏರುವ ಕೊಡಚಾದ್ರಿ (1,343 ಮೀಟರ್) ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿಗೆ ಸೇರಿದ್ದು. ಅರಬ್ಬಿ ಸಮುದ್ರದ ಮೋಡ ಈ ಘಟ್ಟಕ್ಕೆ ನೇರವಾಗಿ ಬಡಿಯುವುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆ ದಿನಗಟ್ಟಲೆ ಒಣಗುವುದಿಲ್ಲ. ಇಲ್ಲಿ ಹಾಸಿಗೆ ಒದ್ದೆಯಾಗಲು ಮಳೆಯೇ ಸುರಿಯಬೇಕೆಂದಿಲ್ಲ; ಮಂಜು, ಬೆವರು, ಉಸಿರು ಸಾಕು.

ಆಯ್ಕೆಯಲ್ಲಿ ಮುಖ್ಯವಾದದ್ದು ಹೂರಣ. ಬಾತುಕೋಳಿ, ಹೆಬ್ಬಾತುಗಳ ಎಳೆಯ ತುಪ್ಪಳ ತೂಕಕ್ಕೆ ಹಗುರ, ಹಿಮಾಲಯದ ಒಣಚಳಿಗೆ ಶ್ರೇಷ್ಠ. ಆದರೆ ಬೆಚ್ಚಗಿಡುವುದು ಅದರೊಳಗೆ ನಿಂತ ಗಾಳಿ. ನೆನೆದ ತುಪ್ಪಳ ಮುದ್ದೆಗಟ್ಟಿ ಆ ಗಾಳಿಯನ್ನೇ ಕಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಎಳೆಗಳು ಒದ್ದೆಯಾದರೂ ಅಷ್ಟಾಗಿ ಕುಸಿಯವು, ಬೇಗ ಒಣಗುತ್ತವೆ. ಕೊಲ್ಲೂರಿನ ಕಡೆಗೆ ಅದೇ ಸರಿ. ಎತ್ತರ ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು 6 ಡಿಗ್ರಿ ಇಳಿಯುತ್ತದೆಂದು ಲೆಕ್ಕ ಹಾಕಿದರೂ ಈ ಬೆಟ್ಟಕ್ಕೆ ಹಿಮದ ನಾಡಿನ ದಪ್ಪ ಚೀಲ ಬೇಡ. ಚೀಲದ ಮೇಲೆ ನಮೂದಿಸಿರುವ ‘ಕಂಫರ್ಟ್’ (ಹಾಯಾಗಿ ನಿದ್ರಿಸಬಹುದಾದ) ಉಷ್ಣತೆ 10 ಡಿಗ್ರಿಯ ಆಸುಪಾಸು ಇದ್ದರೆ ಸಾಕು. ಅತಿ ದಪ್ಪದ್ದರಲ್ಲಿ ಬೆವರೇ ಹೂರಣವನ್ನು ನೆನೆಸುತ್ತದೆ. ಘಟ್ಟದವರು ಹೊದೆಯುವ ಉಣ್ಣೆಯ ಕಂಬಳಿ ಭಾರವಾದರೂ ಒದ್ದೆಯಲ್ಲಿ ತಕ್ಕಮಟ್ಟಿಗೆ ಬೆಚ್ಚಗಿರುತ್ತದೆ. ಜೀಪಿನಲ್ಲಿ ಹೋಗುವವರಿಗೆ ಅದನ್ನು ಕಡೆಗಣಿಸಲು ಕಾರಣವಿಲ್ಲ.

ಹೊರಗಿನ ನೀರು ತಡೆಯಲೆಂದು ಇಡೀ ಚೀಲಕ್ಕೆ ಪ್ಲಾಸ್ಟಿಕ್ ಸುತ್ತಿ ಮಲಗುವುದು ತಪ್ಪು. ಗದ್ದೆಯಲ್ಲಿ ನಾಟಿ ಮಾಡುವವರ ಗೊರಬು ಬೆನ್ನಿನ ಮೇಲೆ ಮಳೆ ತಡೆದು ಕೆಳಗೆ ತೆರೆದಿರುವ ಹಾಗೆ, ಹೊದಿಕೆಗೂ ಉಗಿ ಹೊರಹೋಗಲು ದಾರಿ ಇರಬೇಕು. ಡೇರೆಯ ಗಾಳಿಕಿಂಡಿ ಮುಚ್ಚಬಾರದು, ಮುಖವನ್ನು ಚೀಲದೊಳಗೆ ಹುದುಗಿಸಬಾರದು. ಡೇರೆಯಡಿ ಹಾಸುವ ಟಾರ್ಪಾಲು ಡೇರೆಯ ತಳಕ್ಕಿಂತ ತುಸು ಚಿಕ್ಕದಿರಲಿ. ಅಂಚು ಹೊರಚಾಚಿದರೆ ಮಳೆನೀರನ್ನು ಹಿಡಿದು ಬೆನ್ನಡಿಗೇ ತರುತ್ತದೆ. ನೆಲದ ತೇವ, ಚಳಿ ಎರಡಕ್ಕೂ ಫೋಮ್ ಚಾಪೆ ಬೇಕೇ ಬೇಕು.

ನಡೆಯುವಾಗ ಬೆನ್ನುಚೀಲದ ಮೇಲೆ ಹಾಕುವ ಹೊದಿಕೆಯನ್ನಷ್ಟೇ ನಂಬುವಂತಿಲ್ಲ. ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಮಲಗುವ ಚೀಲವನ್ನು ತೂತಿಲ್ಲದ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿ ತಿರುಚಿ ಮಡಚಿ ಕಟ್ಟಬೇಕು. ಮಲಗಲೆಂದೇ ಒಂದು ಜೊತೆ ಒಣಬಟ್ಟೆಯೂ ಅದರಲ್ಲೇ ಇರಲಿ. ಒದ್ದೆ ಬಟ್ಟೆಯಲ್ಲಿ ಒಳಸೇರಿದರೆ ಹಗಲಿಡೀ ಕಾಪಾಡಿದ್ದು ವ್ಯರ್ಥ.

ವನ್ಯಜೀವಿಧಾಮದಲ್ಲಿ ತಂಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಮಳೆ ಬಿರುಸಾದಾಗ ಚಾರಣವನ್ನೇ ನಿಷೇಧಿಸುವುದುಂಟು. ಮರಳಿದ ಮೇಲೆ ಚೀಲವನ್ನು ಬಿಡಿಸಿ ಗಾಳಿಯಾಡುವ ಕಡೆ ಹರಡಬೇಕು, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ಕರಾವಳಿಯ ಮನೆಗಳಲ್ಲಿ ಮಳೆಗಾಲದ ಬಟ್ಟೆ ಬಚ್ಚಲೊಲೆಯ ಮೇಲೆ ಒಣಗುತ್ತದೆ, ಆದರೆ ನೈಲಾನ್ ಚೀಲವನ್ನು ಅಲ್ಲಿ ತೂಗುಹಾಕಬಾರದು. ಕಿಡಿ ತಾಗಿದರೆ ಕರಗಿ ತೂತಾಗುತ್ತದೆ.