ಬೋಬಾ ಗುಂಡು: ಎಸರಿನಲ್ಲಿದೆ ಗುಟ್ಟು

ಅಥಣಿ: ಏಕಾದಶಿ, ಶಿವರಾತ್ರಿ ಬಂದರೆ ಅಥಣಿ ಸೀಮೆಯ ಮನೆಗಳಲ್ಲಿ ಸಾಬೂದಾಣಿ ನೆನೆಯುತ್ತದೆ. 1980ರ ದಶಕದಲ್ಲಿ ತೈವಾನ್‌ನಲ್ಲಿ ಹುಟ್ಟಿ, ಈಗ ನಮ್ಮ ನಗರಗಳಿಗೂ ಬಂದಿರುವ ‘ಬೋಬಾ’ ಹಾಲಿನ ಚಹಾದ ತಳದಲ್ಲಿರುವ ಕಪ್ಪು ಗುಂಡುಗಳ ಮೂಲವೂ ಅದೇ ಮರಗೆಣಸು. ಹಾಗೆಂದು ಉಪವಾಸದ ಸಾಬೂದಾಣಿಯನ್ನೇ ಬೇಯಿಸಿ ಹಾಕಿದರೆ ಬೋಬಾ ಆಗದು, ಚಹಾ ಪಾಯಸವಾದೀತು.

ವ್ಯತ್ಯಾಸವಿರುವುದು ತಯಾರಿಕೆಯಲ್ಲಿ. ತಮಿಳುನಾಡಿನ ಸೇಲಂ ಭಾಗದಲ್ಲಿ ಒದ್ದೆ ಪಿಷ್ಟವನ್ನು ಅಲುಗಾಡಿಸಿ ಕಾಳಾಗಿಸಿ, ಬಿಸಿ ತಗಡಿನ ಮೇಲೆ ಹುರಿದು ಒಣಗಿಸುತ್ತಾರೆ. 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ‘ಸೇಲಂ ಸಾಗೋ’ ಇದೇ. ಈ ಕಾಳು ಬೆಂದಾಗ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತದೆ. ಬೋಬಾ ಹಾಗಲ್ಲ, ಹಲ್ಲಿಗೆ ಸಿಕ್ಕು ಜಗಿಯುವಂತಿರಬೇಕು. ಅದಕ್ಕೆ ಹಿಟ್ಟನ್ನು ನಾದಲೇಬೇಕು.

ಸುಮಾರು 120 ಗ್ರಾಂ ಮರಗೆಣಸಿನ ಹಿಟ್ಟು, 50 ಗ್ರಾಂ ಬೆಲ್ಲ, 60 ಮಿ.ಲೀ. ನೀರು ಸಾಕು. ಹಿಟ್ಟನ್ನು ಅಂಗಡಿಯಲ್ಲಿ ‘ಟ್ಯಾಪಿಯೋಕಾ ಸ್ಟಾರ್ಚ್’ ಎಂದೇ ಕೇಳಬೇಕು, ಕಾರ್ನ್‌ಫ್ಲೋರ್ ಒದಗದು. ತೈವಾನ್‌ನವರು ಕಂದು ಸಕ್ಕರೆ ಬಳಸುತ್ತಾರೆ. ಕೃಷ್ಣಾ ತೀರದ ಕಬ್ಬಿನ ಸೀಮೆಯವರಿಗೆ ಅದನ್ನು ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ.

ಬೆಲ್ಲದ ನೀರನ್ನು ಸೋಸಿ ಕುದಿಸಿ, ಕುದಿ ಜೋರಾಗಿರುವಾಗಲೇ ಹಿಟ್ಟಿನ ಮೂರನೇ ಒಂದು ಭಾಗ ಸುರಿದು ತಿರುವಬೇಕು. ಅದು ಬೆಂದು ಅಂಟಾಗುತ್ತದೆ. ಜೋಳದ ರೊಟ್ಟಿಗೆ ಎಸರು ಹಾಕುವ ಗುಟ್ಟೂ ಇದೇ. ಗೋಧಿಗಿರುವ ಜಿಗುಟು ಇಲ್ಲದ ಹಿಟ್ಟಿನಲ್ಲಿ ಬೆಂದ ಪಿಷ್ಟವೇ ಹಸಿ ಪಿಷ್ಟವನ್ನು ಹಿಡಿದಿಡುತ್ತದೆ. ತಣ್ಣೀರಿನಲ್ಲಿ ಕಲಸಿದರೆ ಒತ್ತಿದಾಗ ಗಟ್ಟಿ, ಕೈಬಿಟ್ಟೊಡನೆ ನೀರು! ಮನೆಯ ಪ್ರಯತ್ನಗಳು ಹೆಚ್ಚಾಗಿ ಕೆಡುವುದು ಇಲ್ಲಿಯೇ.

ಒಲೆಯಿಂದ ಇಳಿಸಿ, ಉಳಿದ ಹಿಟ್ಟು ಬೆರೆಸಿ, ಬಿಸಿಯಿರುವಾಗಲೇ ನಾದಿ ಕಡಲೆಕಾಳಿನ ಗಾತ್ರದ ಗುಂಡು ಮಾಡಬೇಕು. ಬಿರುಕು ಬಿಟ್ಟರೆ ಒಂದು ಚಮಚ ಬಿಸಿನೀರು ಸೇರಿಸಬಹುದು. ಗುಂಡುಗಳನ್ನು ಒಣಹಿಟ್ಟಿನಲ್ಲಿ ಹೊರಳಿಸಿ, ಧಾರಾಳವಾಗಿ ಕುದಿಯುವ ನೀರಿನಲ್ಲಿ 25 ನಿಮಿಷ ಬೇಯಿಸಿ, ಒಲೆ ಆರಿಸಿ ಇನ್ನೂ 20 ನಿಮಿಷ ಮುಚ್ಚಿಡಬೇಕು. ಕಡಿದಾಗ ನಡುವೆ ಬಿಳಿ ಚುಕ್ಕೆ ಕಂಡರೆ ಇನ್ನೂ ಹಸಿ ಎಂದರ್ಥ. ಬೆಂದ ಗುಂಡುಗಳನ್ನು ತಣ್ಣೀರಿನಲ್ಲಿ ತೊಳೆದು ಬೆಲ್ಲದ ಪಾಕಕ್ಕೆ ಹಾಕಬೇಕು. ಬೆಲ್ಲಕ್ಕೆ ಕುದಿವ ಹಾಲು ಬಿದ್ದರೆ ಒಡೆಯುವ ಸಂಭವವಿದೆ. ಹಾಲು ಬೆರೆತ ಚಹಾ ಆರಿದ ಮೇಲೆಯೇ ಸೇರಿಸುವುದು ಕ್ಷೇಮ. ಫ್ರಿಜ್‌ನಲ್ಲಿಟ್ಟರೆ ಗುಂಡು ಗಟ್ಟಿಯಾಗುವುದರಿಂದ ಮೂರು-ನಾಲ್ಕು ತಾಸಿನೊಳಗೆ ಮುಗಿಸಬೇಕು.

ದಪ್ಪ ಸ್ಟ್ರಾದಲ್ಲಿ ಜೋರಾಗಿ ಹೀರಿದರೆ ಗುಂಡು ನೇರವಾಗಿ ಗಂಟಲಿಗೆ ನುಗ್ಗಿ ಉಸಿರು ಕಟ್ಟಿಸಬಹುದು. ಐದು ವರ್ಷದೊಳಗಿನ ಮಕ್ಕಳಿಗೆ ಇದನ್ನು ಕೊಡಲೇಬಾರದು. ಅವರಿಗಿಂತ ದೊಡ್ಡ ಮಕ್ಕಳಿಗೆ ಚಮಚದಲ್ಲಿ, ಕುಳಿತು ಜಗಿದು ತಿನ್ನುವಂತೆ ಕೊಡಬೇಕು.