ಶಾಲೆಯೊಳಗೆ ಬಂದ ಕತ್ಸಿನರು: ಫ್ರೆಡ್ ಕಬೋಟಿ ಮತ್ತು ಹೋಪಿ ಜಲವರ್ಣದ ಆರಂಭ

ಅಮೆರಿಕದ ನೈಋತ್ಯ ಭಾಗದ ಆದಿವಾಸಿ ಚಿತ್ರಕಲೆಯ ಕಥನ ಹಲವು ಬರಹಗಳಲ್ಲಿ 1932ರಿಂದ ತೊಡಗುತ್ತದೆ. ಆ ವರ್ಷ ಡೊರೊಥಿ ಡನ್ ಸಾಂಟಾ ಫೆ ಇಂಡಿಯನ್ ಶಾಲೆಯಲ್ಲಿ 'ಸ್ಟುಡಿಯೊ' ಎಂಬ ಚಿತ್ರಕಲಾ ವಿಭಾಗವನ್ನು ತೆರೆದರು. ಆದರೆ ಅದೇ ಶಾಲೆಯಲ್ಲಿ, ಅದಕ್ಕೆ ಒಂದು ದಶಕಕ್ಕೂ ಹಿಂದೆ, ಅರಿಜೋನಾದ ಶುಂಗೋಪಾವಿ ಗ್ರಾಮದ ಹುಡುಗನೊಬ್ಬ ತನ್ನ ಊರಿನ ಕತ್ಸಿನರನ್ನು ಜಲವರ್ಣದಲ್ಲಿ ಬರೆಯತೊಡಗಿದ್ದ. ಆತನೇ ಫ್ರೆಡ್ ಕಬೋಟಿ (ಸು. 1900–1986). ಈ ಚಿತ್ರಗಳನ್ನು ಸ್ಟುಡಿಯೊದ ಮುನ್ನುಡಿಯೆಂದು ನೋಡುವುದು ಅವುಗಳಿಗೆ ಮಾಡುವ ಅನ್ಯಾಯ. ಅವು ಹುಟ್ಟಿದ ಕಾರಣವೇ ಬೇರೆ.

ಕತ್ಸಿನರು ಹೋಪಿ ಜನರಿಗೆ ಮಳೆ, ಬೆಳೆ, ಆಯುಸ್ಸು ತರುವ ಚೇತನಗಳು. ಸ್ಯಾನ್ ಫ್ರಾನ್ಸಿಸ್ಕೊ ಶಿಖರಗಳು ಅವರ ನೆಲೆ. ಚಳಿಗಾಲದಲ್ಲಿ ಊರಿಗೆ ಬಂದು, ಮೆಕ್ಕೆಜೋಳ ಬೆಳೆಯುವ ತಿಂಗಳುಗಳನ್ನು ಜನರ ನಡುವೆ ಕಳೆದು, ಜುಲೈ ಹೊತ್ತಿಗೆ ನಿಮಾನ್ ಎಂಬ ಬೀಳ್ಕೊಡುಗೆಯ ಕುಣಿತದೊಂದಿಗೆ ಮರಳುತ್ತಾರೆ. ಹೆಣ್ಣುಮಕ್ಕಳಿಗೆ ಅವರು ಕೊಡುವ ಮರದ ಬೊಂಬೆಗಳನ್ನು ಕಾಟನ್‌ವುಡ್ ಮರದ ಬೇರಿನಿಂದ ಕೆತ್ತುತ್ತಾರೆ. ದೀಕ್ಷೆಯಾಗದ ಮಕ್ಕಳಿಂದ ಮುಚ್ಚಿಡಬೇಕಾದ ತಿಳಿವು ಈ ಆಚರಣೆಯಲ್ಲಿ ಬಹಳಷ್ಟಿದೆ.

ಹಾಳೆಯ ಮೇಲೆ ಕತ್ಸಿನರನ್ನು ಬರೆದವರಲ್ಲಿ ಕಬೋಟಿ ಮೊದಲಿಗರಲ್ಲ. ಮಾನವಶಾಸ್ತ್ರಜ್ಞ ಜೆಸ್ಸಿ ವಾಲ್ಟರ್ ಫ್ಯೂಕ್ಸ್ 1900ರ ಸುಮಾರಿಗೆ ಕೆಲವು ಹೋಪಿಗಳಿಗೆ ಕಾಗದ, ಬಣ್ಣ, ಕುಂಚ ಕೊಟ್ಟು ಚಿತ್ರ ಬರೆಸಿ, 1903ರಲ್ಲಿ ಅವನ್ನು ಪ್ರಕಟಿಸಿದರು. ಆ ಕೆಲಸ ಮಾಟವೆಂದು ಊರಲ್ಲಿ ಗುಸುಗುಸು ಹಬ್ಬಿತ್ತು. ಆ ಚಿತ್ರಗಳು ಇಂದಿಗೂ ಅಮೂಲ್ಯ, ಅವುಗಳ ರೇಖೆಗಳಲ್ಲಿ ಬಲವಿದೆ. ಆದರೆ ಅವನ್ನು ಬರೆಸಿದ್ದು ಗುರುತಿಸುವಿಕೆಗಾಗಿ: ಇದು ಇಂಥ ಕತ್ಸಿನ, ಇದರ ಮುಖವಾಡ ಹೀಗೆ. ಹೆಚ್ಚಿನವು ಕುಣಿತದಿಂದ ಬೇರ್ಪಟ್ಟು ನಿಂತ ಬಿಡಿ ಆಕೃತಿಗಳು.

ಕಬೋಟಿ ಸಾಂಟಾ ಫೆ ಶಾಲೆಗೆ ಬಂದದ್ದು 1915ರಲ್ಲಿ. ಆದಿವಾಸಿ ಮಕ್ಕಳ ಭಾಷೆ, ನಂಬಿಕೆಗಳನ್ನು ಅಳಿಸುವುದೇ ಇಂಥ ವಸತಿ ಶಾಲೆಗಳ ಉದ್ದೇಶವಾಗಿತ್ತು. ಅಲ್ಲಿನ ಅಧೀಕ್ಷಕ ಜಾನ್ ಡಿಹಫ್ ಅವರ ಪತ್ನಿ ಎಲಿಜಬೆತ್ ಅವರು ಕಬೋಟಿ, ಓಟಿಸ್ ಪೊಲೆಲೊನೆಮಾ ಮೊದಲಾದ ಕೆಲವು ವಿದ್ಯಾರ್ಥಿಗಳನ್ನು ತಮ್ಮ ಮನೆಗೆ ಕರೆದು ಜಲವರ್ಣ ಕೊಟ್ಟು ಕೂರಿಸಿದರು. ಊರನ್ನು ನೆನೆದಾಗ ಮನಸ್ಸಿಗೆ ಬರುತ್ತಿದ್ದದ್ದು ಕತ್ಸಿನರೇ, ಅದಕ್ಕೇ ಅವರನ್ನು ಬರೆದೆ ಎಂಬರ್ಥದ ಮಾತನ್ನು ಕಬೋಟಿ ಮುಂದೆ ಹೇಳಿದ್ದಾರೆ. ಎದುರಿಗೆ ಮಾದರಿಯಿಲ್ಲ, ಕಲಿಸಿದ ಶೈಲಿಯಿಲ್ಲ. ಇದ್ದದ್ದು ನೆನಪು ಮಾತ್ರ.

ನೆನಪಿನಿಂದ ಬಂದದ್ದರಿಂದಲೇ ಈ ಚಿತ್ರಗಳಲ್ಲಿ ಕುಣಿತ ಉಳಿದಿದೆ ಎಂಬುದು ನನ್ನ ವಾದ. ನಿಮಾನ್ ಕುಣಿತವನ್ನೇ ನೋಡಿ. ಎತ್ತರದ ಶಿರೋಭೂಷಣ ತೊಟ್ಟ ಹೆಮಿಸ್ ಕತ್ಸಿನರು ಸಾಲಾಗಿ ಹೆಜ್ಜೆಯಿಡುತ್ತಾರೆ. ಸ್ತ್ರೀರೂಪದ ಕತ್ಸಿನರು ಅವರೆದುರು ಮೊಣಕಾಲೂರಿ, ಸೋರೆ ಬುರುಡೆಯ ಮೇಲೆ ಕಚ್ಚುಗೋಲಿಟ್ಟು ಉಜ್ಜಿ ತಾಳ ಹಿಡಿಯುತ್ತಾರೆ. ಒಂದು ಆಕೃತಿಯನ್ನು ಕಿತ್ತು ತೆಗೆದರೆ ಅರ್ಥವೇ ಹೋಗುವಂಥ ಬಂಧವಿದು. ಕಬೋಟಿ ಹಿಡಿದದ್ದು ಈ ಬಂಧವನ್ನು: ಒಂದೇ ಲಯದಲ್ಲಿ ಮಡಿದ ಮೊಣಕಾಲು, ಪುನರಾವರ್ತನೆಯಾಗುವ ಹೆಜ್ಜೆ, ವೇಷದ ಪ್ರತಿ ಗರಿಯ ನಿಖರತೆ. ಹಲವು ಆರಂಭಿಕ ಚಿತ್ರಗಳಲ್ಲಿ ಹಿನ್ನೆಲೆಯ ಹಾಳೆ ಖಾಲಿ. ಇದನ್ನು ತರಬೇತಿಯ ಕೊರತೆಯೆಂದು ಓದುವುದು ಸುಲಭ. ಆದರೆ ಕುಣಿತ ನಡೆಯುವ ಊರಿನ ಚೌಕವನ್ನು, ಸುತ್ತಲಿನ ಕಲ್ಲುಮನೆಗಳನ್ನು ಬಲ್ಲವರಿಗೆ ಅವನ್ನು ಬರೆದು ತೋರಿಸಬೇಕಿಲ್ಲ.

ಚಿತ್ರಗಳಲ್ಲಿ ಕುಣಿತ ಹೀಗೆ ಉಳಿದರೆ, ಹೊರಗಿನ ಪರಿಸ್ಥಿತಿ ಇದಕ್ಕೆ ತದ್ವಿರುದ್ಧವಾಗಿತ್ತು. ಇಂಡಿಯನ್ ವ್ಯವಹಾರಗಳ ಆಯುಕ್ತ ಚಾರ್ಲ್ಸ್ ಬರ್ಕ್ 1921ರಲ್ಲಿ ಕುಣಿತಗಳಿಗೆ ಕಡಿವಾಣ ಹಾಕುವಂತೆ ಸುತ್ತೋಲೆ ಹೊರಡಿಸಿದರು. 1923ರ ಪೂರಕ ಸೂಚನೆಯಲ್ಲಿ 50 ವರ್ಷದೊಳಗಿನವರು ಕುಣಿಯಬಾರದೆಂಬ ಶಿಫಾರಸೂ ಇತ್ತು. ಅದೇ ವರ್ಷಗಳಲ್ಲಿ ಸಾಂಟಾ ಫೆಯ ಪುರಾತತ್ವಜ್ಞ ಎಡ್ಗರ್ ಹೀವೆಟ್‌ರಂಥವರು ಕುಣಿತದ ಚಿತ್ರಗಳಿಗೆ ಬೆಂಬಲವಾಗಿ ನಿಂತರು. 1920ರಲ್ಲಿ ಅವು ನ್ಯೂಯಾರ್ಕಿನ ಸ್ವತಂತ್ರ ಕಲಾವಿದರ ಪ್ರದರ್ಶನ ತಲುಪಿದವು, 1932ರಲ್ಲಿ ವೆನಿಸ್ ಬಿನಾಲೆಯನ್ನೂ. ಕುಣಿಯುವ ದೇಹ ಅಪರಾಧಿ, ಕುಣಿತದ ಚಿತ್ರ ಸಂಗ್ರಹಯೋಗ್ಯ! ಈ ಇಬ್ಬಂದಿ ನೀತಿಯನ್ನು ಬದಿಗಿಟ್ಟು ಹೋಪಿ ಜಲವರ್ಣದ ಇತಿಹಾಸ ಬರೆಯಲಾಗದು.

ಮುಂದೆ ಕಬೋಟಿ ಹಾಳೆಯಿಂದ ಗೋಡೆಗೆ ಹೋದರು. ವಾಸ್ತುಶಿಲ್ಪಿ ಮೇರಿ ಕೋಲ್ಟರ್ ಗ್ರ್ಯಾಂಡ್ ಕ್ಯಾನಿಯನ್ ಅಂಚಿನಲ್ಲಿ ಕಟ್ಟಿಸಿದ ಡೆಸರ್ಟ್ ವ್ಯೂ ಕಾವಲುಗೋಪುರದಲ್ಲಿ ಹಾವಿನ ಐತಿಹ್ಯವನ್ನು ಬರೆದರು. 1937ರಿಂದ 1959ರವರೆಗೆ ಓರೈಬಿಯ ಹೋಪಿ ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸಿದರು. 1945ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ಪಡೆದು ಪ್ರಾಚೀನ ಮಿಂಬ್ರೆಸ್ ಮಡಕೆಗಳ ವಿನ್ಯಾಸವನ್ನು ಹೋಪಿ ಕಣ್ಣಿನಿಂದ ವಿವರಿಸಿದರು. 1960ರಲ್ಲಿ ದೆಹಲಿಯ ವಿಶ್ವ ಕೃಷಿ ಮೇಳಕ್ಕೆ ಅಮೆರಿಕದ ಪ್ರತಿನಿಧಿಯಾಗಿ ಬಂದದ್ದೂ ಉಂಟು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಅವಾಟೋವಿ. 1700ರಲ್ಲಿ ನಾಶವಾದ ಆ ಹೋಪಿ ಊರನ್ನು ಹಾರ್ವರ್ಡಿನ ಪೀಬಡಿ ವಸ್ತುಸಂಗ್ರಹಾಲಯದ ತಂಡ 1930ರ ದಶಕದಲ್ಲಿ ಉತ್ಖನನ ಮಾಡಿದಾಗ, ಕಿವಾ ಎಂಬ ಆಚರಣೆಯ ಕೋಣೆಗಳ ಗೋಡೆಗಳಲ್ಲಿ ಒಂದರ ಮೇಲೊಂದು ಗಿಲಾವಿನ ಪದರಗಳಲ್ಲಿ ಚಿತ್ರಗಳು ಸಿಕ್ಕವು. ಕಬೋಟಿ ಅವುಗಳ ಪ್ರತಿಕೃತಿಗಳನ್ನು ಬರೆದರು. ಕುಂಚ ಹೋಪಿಗಳಿಗೆ ಶಾಲೆ ಕೊಟ್ಟ ವರವಲ್ಲ ಎಂಬುದಕ್ಕೆ ಆ ಗೋಡೆಗಳೇ ಪುರಾವೆ. ಶಾಲೆಯ ಕಡೆಯಿಂದ ಬಂದದ್ದು ಕಾಗದ ಮತ್ತು ಕೊಳ್ಳುವವರು. 1973ರಲ್ಲಿ ಮಗ ಮೈಕಲ್ ಕಬೋಟಿ ಗೆಳೆಯರೊಂದಿಗೆ 'ಆರ್ಟಿಸ್ಟ್ ಹೋಪಿಡ್' ಎಂಬ ಕಲಾವಿದರ ಗುಂಪು ಕಟ್ಟಿದಾಗ, ತಂದೆಯ ಜಲವರ್ಣದ ಶೈಲಿಯನ್ನು ಮುಂದುವರಿಸದೆ ಆ ಅವಾಟೋವಿ ಗೋಡೆಗಳಿಂದಲೇ ತಮ್ಮ ಆಕಾರಗಳನ್ನು ತೆಗೆದುಕೊಂಡರು.